ಒದ್ದೆ ಬೆನ್ನಿನ ನೆರಳು

ಸೊಲ್ಲಾಪುರ

ಸ್ಪೇನಿಗೆ ಹೋಗಿ ಬಂದೆ ಎಂದರೆ ನಮ್ಮ ಓಣಿಯ ಮಂದಿ ಮೊದಲು ಕೇಳುವುದು ಅಲ್ಲಿ ಊಟಕ್ಕೇನು ಮಾಡಿದಿರಿ ಎಂದು. ಎರಡನೆಯದು, ವಿಮಾನದಲ್ಲಿ ಕಿವಿ ನೋಯಲಿಲ್ಲವೇ ಎಂದು. ಎರಡಕ್ಕೂ ಉತ್ತರ ಕೊಟ್ಟು ಸಾಕಾಗಿದೆ. ಯಾಕೆ ಹೋಗಿದ್ದಿರಿ ಎಂದು ಮಾತ್ರ ಯಾರೂ ಕೇಳಲಿಲ್ಲ. ಟವೆಲ್ ಮೇಳಕ್ಕೆ ಹೋಗಿದ್ದೆ ಎನ್ನುವುದು ಎಲ್ಲರಿಗೂ ಗೊತ್ತು. ಅದು ಅರ್ಧ ನಿಜ. ಉಳಿದ ಅರ್ಧ ಇಲ್ಲಿದೆ.

ನಾನು ಮೂವತ್ತೆಂಟು ವರ್ಷ ಸೊಲ್ಲಾಪುರದ ಒಂದು ಚಾದರ-ಟವೆಲ್ ಕಾರಖಾನೆಯಲ್ಲಿ ಕಲರ್ ಮಾಸ್ತರನಾಗಿದ್ದವನು. ಯಾವ ನೂಲಿಗೆ ಯಾವ ಬಣ್ಣ ಎಂದು ಚೀಟಿ ಬರೆಯುವುದು, ಬಣ್ಣದ ಟಾಕಿಯಿಂದ ಎದ್ದು ಒಣಗಿದ ನೂಲಿನ ಲಡಿಯನ್ನು ನೋಡಿ ಪಾಸು ಮಾಡುವುದು ನನ್ನ ಕೆಲಸ. ಮಾದರಿಯ ಮೇಲೆ ದಾರ ಇಟ್ಟಾಗ ದಾರ ಕಾಣಬಾರದು. ಕಾಣದಿದ್ದರೆ ಶೇಡ್ ಕೂತಿತು ಎಂದು ಅರ್ಥ. ಇದಕ್ಕೊಂದು ಕಟ್ಟಳೆ ಇತ್ತು. ಬಣ್ಣ ನೋಡುವುದು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ಒಳಗೆ, ಉತ್ತರದ ಬಾಗಿಲಲ್ಲಿ ನಿಂತು. ಟ್ಯೂಬ್‌ಲೈಟಿನ ಕೆಳಗೆ ಬಣ್ಣ ನೋಡಿ ತೀರ್ಪು ಕೊಡುವವನು ಮಾಸ್ತರನೇ ಅಲ್ಲ. ಹೊಸಬರಿಗೆ ಇದನ್ನು ಹೇಳಿಕೊಡುತ್ತಿದ್ದವನು ನಾನೇ, ಅದೂ ಸ್ವಲ್ಪ ಜಂಬದಿಂದ.

ಇಪ್ಪತ್ತೆರಡು ವರ್ಷಗಳ ಹಿಂದೆ ಸ್ಪೇನಿನ ಒಬ್ಬ ವ್ಯಾಪಾರಿ ಒಂದು ಚಿತ್ರದ ಅಚ್ಚಾದ ಪ್ರತಿ ಕಳಿಸಿದ. ಸಮುದ್ರದಲ್ಲಿ ಮಕ್ಕಳು ಮೀಯುತ್ತಿರುವ ಹಳೆಯ ತೈಲಚಿತ್ರ. ಅದನ್ನು ಜಕಾರ್ಡ ಮಗ್ಗದಲ್ಲಿ ಗೋಡೆಗೆ ತೂಗುಹಾಕುವ ವಾಲ್ ಹ್ಯಾಂಗಿಂಗ್ ಆಗಿ ನೇಯ್ದುಕೊಡಬೇಕಿತ್ತು. ನಮ್ಮ ಮಗ್ಗಕ್ಕೆ ಆರು ಬಣ್ಣ ಸಾಧ್ಯ. ಐದನ್ನು ಸಲೀಸಾಗಿ ಆರಿಸಿದೆ. ಆರನೆಯದು ಒಂದು ಮಗುವಿನ ಒದ್ದೆ ಬೆನ್ನಿನ ನೆರಳಿನದು. ಅಂಗೈಯಗಲದ ಆ ಕಳಪೆ ಅಚ್ಚಿನಲ್ಲಿ ಅದು ಕೆಸರಾಗಿ ಕಾಣುತ್ತಿತ್ತು. ಚೀಟಿಯಲ್ಲಿ ಕಂದು ಎಂದು ಬರೆದೆ.

ಬಣ್ಣ ಕಲಸುವವನು ಮಿಲಿಂದ. ಅಕ್ಕಲಕೋಟ ತಾಲೂಕಿನ ಕರಜಗಿಯ ಬೌದ್ಧರ ಮನೆಯವನು, ಆಗ ಅವನಿಗೆ ಮೂವತ್ತರ ಆಸುಪಾಸು. ಚೀಟಿ ಹಿಡಿದುಕೊಂಡು ನನ್ನ ಮೇಜಿಗೆ ಬಂದ.

"ಮಾಸ್ತರ್ರ, ಇದು ಕಂದು ಅಲ್ಲರಿ. ಹಳ್ಳದಾಗಿಂದ ಎದ್ದ ಹುಡುಗರ ಬೆನ್ನು ಮಧ್ಯಾಹ್ನದ ಬಿಸಲಾಗ ನೋಡ್ರಿ. ನೆಳ್ಳಿನ ಕಡಿ ಜಾಂಭಳಾ ಹೊಡೀತೈತಿ. ಮ್ಯಾಲಿನ ಆಕಾಶ ಒದ್ದಿ ಮೈಯಾಗ ಇಳೀತೈತ್ರಿ."

ನೇರಳೆಗೆ ನಮ್ಮ ಕಡೆ ಜಾಂಭಳಾ ಎನ್ನುತ್ತೇವೆ.

"ಮನಷ್ಯಾರ ಮೈ ಜಾಂಭಳಾ ಎಲ್ಲಿ ನೋಡೀದಿಯೋ? ಚೀಟಿ ಏನೈತಿ ಅಷ್ಟ ಮಾಡು" ಎಂದೆ.

ಅವನು ಚೀಟಿ ಮೀರಿದ. ಸಂಜೆ ಆರಕ್ಕೆ ಬಣ್ಣ ಹಾಕುವ ಡೈಯಿಂಗ್ ಶೆಡ್ಡಿಗೆ ಹೋದಾಗ ಬಿದಿರಿನ ಗಳುವಿನ ಮೇಲೆ ಬೂದು ಬೆರೆತ ನೇರಳೆ ಲಡಿಗಳು ಸಾಲಾಗಿ ತೂಗುತ್ತಿದ್ದವು. ಟ್ಯೂಬ್‌ಲೈಟಿನ ಕೆಳಗೆ ಹೆಣದ ತುಟಿಯ ಬಣ್ಣ. "ಈಗ ನೋಡಬ್ಯಾಡ್ರಿ ಮಾಸ್ತರ್ರ, ಮುಂಜಾನಿ ಬಾಗಲದಾಗ ನೋಡ್ರಿ" ಎಂದು ಅವನು ಬೇಡಿಕೊಂಡ. ನಾನು ಅಲ್ಲೇ ನಿಂತು ಲಾಟು ಕೆಟ್ಟಿದೆ ಎಂದು ಬರೆದು ಸಹಿ ಹಾಕಿದೆ. ಇಡೀ ಲಾಟನ್ನು ಕಪ್ಪು ಬಣ್ಣದಲ್ಲಿ ಅದ್ದಿಸಿದೆ. ಹೊಸ ನೂಲು ಬರುವುದು ತಡವಾಯಿತು, ವ್ಯಾಪಾರಿ ಕೈಬಿಟ್ಟ. ಮಾಲೀಕರಿಗೆ ಒಂದು ತಲೆ ಬೇಕಾಗಿತ್ತು. ನಾನು ಸಹಿ ಮಾಡಿದ ಕಾಗದ ಮುಂದಿಟ್ಟೆ. ಮಾಸ್ತರನ ಮಾತು ಮೀರಿ ಮಾಲು ಕೆಡಿಸಿದವನು ಎಂಬ ಹೆಸರು ಹೊತ್ತ ಮಿಲಿಂದನನ್ನು ಸೊಲ್ಲಾಪುರದ ಬೇರೆ ಯಾವ ಡೈಯಿಂಗಿನವರೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಅವನ ಜಾಗದಲ್ಲಿ ನಮ್ಮ ಜಾತಿಯವರ ಪೈಕಿ ಯಾರಾದರೂ ಇದ್ದಿದ್ದರೆ ಕಾಗದ ಅಷ್ಟು ಸರಾಗವಾಗಿ ಮೇಲೆ ಹೋಗುತ್ತಿರಲಿಲ್ಲ. ಇದು ನನಗೆ ಆಗಲೂ ಗೊತ್ತಿತ್ತು.

ಇಷ್ಟು ವರ್ಷ ನಾನು ನೆಮ್ಮದಿಯಾಗಿಯೇ ಇದ್ದೆ. ಹೋದ ಬೇಸಿಗೆಯಲ್ಲಿ ಎರಡೂ ಕಣ್ಣಿನ ಮೋತಿಬಿಂದು, ಅಂದರೆ ಪೊರೆ, ತೆಗೆಸಿದೆ. ಪಟ್ಟಿ ಬಿಚ್ಚಿದ ಮೂರನೆಯ ದಿನ ಹೆಂಡತಿ ಹಿತ್ತಲ ಕಲ್ಲಿನ ಮೇಲೆ ಮೊಮ್ಮಗಳಿಗೆ ನೀರು ಹಾಕುತ್ತಿದ್ದಳು. ಮಗುವಿನ ಬೆನ್ನಿನ ನೆರಳಿನ ಕಡೆ ನೇರಳೆ ಇತ್ತು. ಹೊಸ ಕಣ್ಣಿಗೆ ಹಾಗೆ ಕಾಣುತ್ತದೆ, ನೀಲಿ ನೇರಳೆ ಎಲ್ಲ ಎದ್ದು ಬರುತ್ತವೆ ಎಂದು ಡಾಕ್ಟರು ಹೇಳಿದರು. ಅವರ ಮಾತು ಹಿಡಿದುಕೊಂಡು ಸುಮ್ಮನಿರಬಹುದಿತ್ತು. ನಾನು ಕೆಲಸ ಬಿಡುವಾಗ ಮನೆಗೆ ತಂದಿದ್ದ ಹಳೆಯ ಶೇಡ್ ಬುಕ್ ತೆಗೆದೆ. ಪ್ರತಿ ಲಾಟಿನ ಒಂದು ಎಳೆಗುಚ್ಛ ಅದರಲ್ಲಿ ಕಟ್ಟಿಡುವುದು ಪದ್ಧತಿ, ಪಾಸಾಗಿರಲಿ, ಕೆಟ್ಟಿರಲಿ. ಮಿಲಿಂದನ ನೇರಳೆ ನಾನು ಎಳೆದ ಕೆಂಪು ಅಡ್ಡಗೀಟಿನ ಕೆಳಗೆ ಹಾಗೇ ಇತ್ತು, ಬಣ್ಣ ಮಾಸದೆ.

ಅಷ್ಟರಲ್ಲಿ ಹಳೆಯ ಮಾಲೀಕರ ಮೊಮ್ಮಗ ಹರ್ಷ ಮನೆಗೆ ಬಂದ. ವೇಲೆನ್ಸಿಯಾ ಎಂಬ ಊರಿನಲ್ಲಿ ಟವೆಲ್ ಮೇಳ, ಬಣ್ಣದ ಬಗ್ಗೆ ಕೇಳಿದರೆ ಹೇಳಲು ಅನುಭವಸ್ಥರೊಬ್ಬರು ಬೇಕು ಎಂದ. ಹಳೆಯ ಅಚ್ಚಿನ ಕೆಳಗೆ ಬರೆದಿದ್ದ ಪ್ರಕಾರ ಆ ಚಿತ್ರವಿರುವುದು ಅದೇ ಊರಿನ ಮ್ಯೂಸಿಯಂನಲ್ಲಿ. ಅವನು ನನ್ನನ್ನು ಕಾಕಾ ಎನ್ನುತ್ತಾನೆ; ಪುಣೆಗೆ ಕರೆದರೂ ಬಾರದ ಕಾಕಾ ಒಂದೇ ಮಾತಿಗೆ ಹೂಂ ಅಂದದ್ದು ಅವನಿಗೆ ಆಶ್ಚರ್ಯ.

ವಿಮಾನ ನಿಲ್ದಾಣ

ಮುಂಬಯಿಯಲ್ಲಿ ನನ್ನ ಚೀಲ ತೆರೆಸಿದರು. ಖಡಕ್ ಭಾಕರಿ, ಶೇಂಗಾ ಚಟ್ನಿ, ಎರಡೂ ದಾಟಿದವು. ಸಿಕ್ಕಿಬಿದ್ದದ್ದು ಶೇಡ್ ಬುಕ್. ಇದೇನು ಎಂದು ಅಧಿಕಾರಿಣಿ ಕೇಳಿದಳು. ದಾರ ಎಂದೆ. ದಾರ ಯಾಕೆ ಎಂದಳು. ಇದಕ್ಕೆ ಉತ್ತರ ಕೊಡಬೇಕಾದರೆ ಮಿಲಿಂದನಿಂದ ಶುರು ಮಾಡಬೇಕಿತ್ತು. ಪುಸ್ತಕ ಬಿಚ್ಚಿ ಆಕೆಯ ಮುಂದಿಟ್ಟೆ. ಆಕೆ ಒಂದು ಬಟ್ಟೆಯ ತುಂಡಿನಿಂದ ಗುಚ್ಛಗಳನ್ನೆಲ್ಲ ಒರೆಸಿ ಆ ತುಂಡನ್ನು ಯಂತ್ರದಲ್ಲಿಟ್ಟಳು. ಸಾಲು ಹಿಂದೆ ಬೆಳೆಯುತ್ತಲೇ ಇತ್ತು.

"ಕಾಕಾ, ಹೇ ಕಶಾಲಾ ಆಣಲಂ? ಇದನ್ಯಾಕ ತಂದ್ರಿ? ಎಲ್ಲಾ ಶೇಡ್ ನನ್ನ ಲ್ಯಾಪ್‌ಟಾಪಿನ್ಯಾಗ ಅದಾವ" ಎಂದ ಹರ್ಷ. ಅವನು ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಾನೆ. ಕನ್ನಡ ಓದಲು ಬರುವುದಿಲ್ಲ, ಹಾಗಾಗಿ ಇದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ.

ವಿಮಾನದಲ್ಲಿ ಎಲ್ಲರೂ ಕಂಬಳಿ ಹೊದ್ದು ಮಲಗಿದರು. ನಾನು ಕಂಬಳಿ ತಿರುಗಿಸಿ ನೋಡಿದೆ. ಅಂಚಿನ ಹೊಲಿಗೆ ಸಡಿಲ, ಬಣ್ಣ ಒಂದೇ ತೊಳೆತಕ್ಕೆ ಹೋಗುವಂಥದ್ದು. ಬೇರೆಯವರ ಕೆಲಸದ ತಪ್ಪು ಹುಡುಕುವಾಗ ನನ್ನ ಕಣ್ಣು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ವೇಲೆನ್ಸಿಯಾ, ಮೇಳ

ಬಿಸಿಲಿನ ಊರು ಎಂದು ಹೆಸರು. ಇಳಿದಾಗ ಮೋಡ. ಇದ್ದ ನಾಲ್ಕು ದಿನವೂ ಮೋಡ. ಅಲ್ಲಿಯ ಜನಕ್ಕೆ ಇದರಿಂದ ಎಷ್ಟು ನಾಚಿಕೆ ಎಂದರೆ, ಹೋಟೆಲಿನವಳು, ಟ್ಯಾಕ್ಸಿಯವನು, ಪಕ್ಕದ ಸ್ಟಾಲಿನ ಮುದುಕ, ಎಲ್ಲರೂ ನಮ್ಮ ಕ್ಷಮೆ ಕೇಳಿದರು. ಬೀಗರು ಬಂದ ದಿನವೇ ಅನ್ನ ಹೊತ್ತಿದ ಮನೆಯವರ ಮುಖ ಅವರದು. ಸೊಲ್ಲಾಪುರದಲ್ಲಿ ಮೋಡ ಬಂದರೆ ನಾವು ಹಬ್ಬ ಮಾಡುತ್ತೇವೆ ಎಂದು ಹರ್ಷ ಇಂಗ್ಲಿಷಿನಲ್ಲಿ ಹೇಳಿದ. ಅವರು ನಂಬಲಿಲ್ಲ.

ಲಿಫ್ಟಿಗೆ ಹತ್ತುವವರೆಲ್ಲ ಗುರುತಿಲ್ಲದವರಿಗೂ ನಮಸ್ಕಾರ ಹೇಳುತ್ತಾರೆ, ಇಳಿಯುವಾಗ ಮತ್ತೊಮ್ಮೆ ಹೇಳುತ್ತಾರೆ. ಮೊದಲ ದಿನ ನಾನು ಎಲ್ಲಿಯೋ ಪರಿಚಯವಿರಬೇಕು ಎಂದುಕೊಂಡು ಮುಖ ನೋಡುತ್ತ ನಿಂತೆ. ಮಧ್ಯಾಹ್ನ ಊಟ ಮೂರಕ್ಕೆ. ರೊಟ್ಟಿಯನ್ನು ತಟ್ಟೆಯಲ್ಲಿಡದೆ ಮೇಜಿನ ಮೇಲೆಯೇ ಇಡುತ್ತಾರೆ. ಟವೆಲ್ ಪರೀಕ್ಷೆ ಮಾಡಲು ಬಂದವರು ಅದನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ನಮ್ಮ ಕಡೆ ಒಂದು ಎಳೆ ಎಳೆದು, ನಾಲಿಗೆಗೆ ತಾಗಿಸಿ, ಬಿಳಿ ಬಟ್ಟೆಗೆ ಉಜ್ಜಿ ನೋಡುತ್ತೇವೆ. ಅವರು ನಂಬಿಕೆಯಿಂದ ಶುರು ಮಾಡುತ್ತಾರೆ, ನಾವು ಅನುಮಾನದಿಂದ. ನನ್ನ ಮನಸ್ಸು ಮೇಳದಲ್ಲಿ ಇರಲಿಲ್ಲ. ಯಾರೋ ತಿಳಿನೀಲಿಯ ಬಗ್ಗೆ ಕೇಳಿದ್ದಕ್ಕೆ ಹಸಿರಿನ ಬಗ್ಗೆ ಹೇಳಿ ಹರ್ಷನ ಕೈಯಲ್ಲಿ ಬೈಸಿಕೊಂಡೆ.

ಮ್ಯೂಸಿಯಂ, ಮೊದಲ ದಿನ

ಚಿತ್ರ ನಮ್ಮ ಡಬಲ್ ಚಾದರಿನಷ್ಟು ದೊಡ್ಡದು. ಮೊಣಕಾಲುದ್ದದ ನೀರಿನಲ್ಲಿ ನಾಲ್ಕು ಮಕ್ಕಳು. ಇಬ್ಬರು ಒಬ್ಬರಿಗೊಬ್ಬರು ನೀರೆರಚುತ್ತಿದ್ದಾರೆ. ಸಣ್ಣವಳೊಬ್ಬಳು ಚಳಿಗೆ ಕೈ ಮಡಚಿ ನಿಂತಿದ್ದಾಳೆ. ಎಲ್ಲರಿಗಿಂತ ಮುಂದೆ, ನಮ್ಮ ಕಡೆ ಬೆನ್ನು ಮಾಡಿ, ಒಂದು ಮಗು ಬಗ್ಗಿದೆ. ಬಿಸಿಲು ಎಡಗಡೆಯಿಂದ ಬರುತ್ತದೆ. ಹತ್ತಿರ ಹೋದರೆ ಮಕ್ಕಳೂ ಇಲ್ಲ, ನೀರೂ ಇಲ್ಲ, ಬಣ್ಣದ ಹೆಂಟೆಗಳು ಮಾತ್ರ. ಹಳದಿಯ ಪಕ್ಕ ಹಸಿರು, ಅದರ ಮೇಲೆ ಬಿಳಿಯ ಒಂದು ಗೀಟು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ನೀರು ಅಲುಗಾಡುತ್ತದೆ. ಇದು ನನಗೆ ಹೊಸದಲ್ಲ. ಮಗ್ಗದ ಮೇಲಿನ ವಾಲ್ ಹ್ಯಾಂಗಿಂಗ್ ಕೂಡ ಹತ್ತಿರದಿಂದ ಬರೀ ದಾರ. ಹೊಸದಾಗಿ ಕಂಡದ್ದು, ಇಡೀ ಚಿತ್ರದಲ್ಲಿ ಕಪ್ಪು ಎಂಬುದೇ ಇಲ್ಲ. ಅಲೆಯ ನೆರಳು ಹಸಿರು, ಒದ್ದೆ ಮರಳಿನ ನೆರಳು ನೀಲಿ. ಬಿಸಿಲು ಬಿದ್ದಲ್ಲಿ ಮೈ ಬೆಂದ ಇಟ್ಟಿಗೆಯ ಬಣ್ಣ, ಹೆಗಲ ಮೇಲೆ ಬಿಳಿಯ ಹೊಳಪು. ಎಲ್ಲವನ್ನೂ ನೋಡಿ ಮುಗಿಸಿ ಕೊನೆಗೆ ಬೆನ್ನಿನ ನೆರಳಿಗೆ ಬಂದೆ. ಅಷ್ಟು ಹೊತ್ತು ಅದನ್ನು ತಪ್ಪಿಸಿಕೊಂಡೇ ತಿರುಗುತ್ತಿದ್ದೆ.

ಅದು ಕಂದು ಕಂಡಿತು.

ನನಗೆ ಆದ ಸಮಾಧಾನವನ್ನು ಮುಚ್ಚಿಡುವುದಿಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹರ್ಷನನ್ನು ಕೇಳಿದೆ. "ಕಂದೇ ಐತಲ್ಲ ಕಾಕಾ" ಎಂದ. ಗುಚ್ಛ ತೆಗೆದು ಖಾತ್ರಿ ಮಾಡಿಕೊಳ್ಳೋಣವೆಂದು ಕೈ ಚಾಚಿದೆ. ಎಲ್ಲೋ ಪೀಂ ಎಂದು ಸದ್ದಾಯಿತು. ನೀಲಿ ಕೋಟಿನ ಕಾವಲುಗಾರ್ತಿಯೊಬ್ಬಳು ಓಡಿಬಂದು ನನ್ನ ಮುಂಗೈ ಹಿಡಿದಳು. ನಾನು ಚಿತ್ರ ಒರೆಸಲು ಹೊರಟಿದ್ದೇನೆ ಎಂದು ಅವಳು ತಿಳಿದಿದ್ದಳು. ಹರ್ಷ ಮುಖ ಕೆಂಪಗೆ ಮಾಡಿಕೊಂಡು ಕೈ ಮುಗಿದು ಸಾರಿ ಸಾರಿ ಎನ್ನುತ್ತಿದ್ದ. ಶಾಲೆಯ ಮಕ್ಕಳ ಗುಂಪೊಂದು ಚಿತ್ರ ಬಿಟ್ಟು ನಮ್ಮನ್ನು ನೋಡತೊಡಗಿತು.

ಗಲಾಟೆ ತಣ್ಣಗಾದ ಮೇಲೆ ಬೆಂಚಿನ ಮೇಲೆ ಕೂತೆ. ಆಗ ತಲೆ ಎತ್ತಿ ನೋಡಿದೆ. ಚಿತ್ರದ ಮೇಲೆ ಹಳದಿ ದೀಪ ಉರಿಯುತ್ತಿತ್ತು. ಹಳದಿ ದೀಪದ ಕೆಳಗೆ ನೇರಳೆ ಕಂದಾಗಿಯೇ ಕಾಣುತ್ತದೆ. ಇದನ್ನು ಎಷ್ಟು ಹುಡುಗರಿಗೆ ನಾನು ಪಾಠ ಮಾಡಿಲ್ಲ. ದೀಪದಡಿ ನೋಡಿ ಎರಡನೆಯ ಸಲ ತೀರ್ಪು ಬರೆಯಲು ಹೊರಟಿದ್ದೆ, ಅದೂ ಅದೇ ಬಣ್ಣದ ಮೇಲೆ, ಅದೇ ಮನುಷ್ಯನ ವಿರುದ್ಧ.

"ದೀಪ ಆರಸ್ತಾರೇನು ಕೇಳಪಾ" ಎಂದೆ.

"ಕಾಕಾ, ಸಾಕ ಮಾಡ್ರಿ" ಎಂದ ಹರ್ಷ. ಆದರೂ ಫೋನಿನಲ್ಲಿ ಏನೋ ಬರೆದು ಅವಳಿಗೆ ತೋರಿಸಿದ. ಅವಳು ಓದಿ ನನ್ನ ಕೈಯಲ್ಲಿದ್ದ ಗುಚ್ಛವನ್ನು ನೋಡಿದಳು, ಚಿತ್ರದ ಆ ಬೆನ್ನನ್ನೂ ನೋಡಿದಳು. ಉತ್ತರವನ್ನು ಫೋನಿಗೇ ಹೇಳಿದಳು. ದೀಪ ಆರಿಸುವುದು ಅವಳ ಕೈಯಲ್ಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದ ಮೇಲೆ ಸ್ವಲ್ಪ ಹೊತ್ತು ಈ ಕೋಣೆಯ ದೀಪ ಹಾಕಿರುವುದಿಲ್ಲ, ಮೇಲಿನ ಗಾಜಿನ ಚಾವಣಿಯ ಬೆಳಕು ಮಾತ್ರ ಇರುತ್ತದೆ. ಆಗ ಬಾ, ನೆಲದ ಮೇಲಿನ ಗೆರೆ ದಾಟಬೇಡ.

ಮ್ಯೂಸಿಯಂ, ಎರಡನೆಯ ಬೆಳಿಗ್ಗೆ

ಹರ್ಷನಿಗೆ ಆ ಹೊತ್ತಿಗೆ ಮೇಳದಲ್ಲಿ ಮುಖ್ಯವಾದ ಭೇಟಿ ಇತ್ತು. ನಾನು ಅವನಿಗೆ ಹೇಳದೆ ಹೊರಟೆ. ದಾರಿ ತಪ್ಪಿ ಮೀನಿನ ಮಾರುಕಟ್ಟೆಯಲ್ಲಿ ಸುತ್ತಿದೆ. ಮ್ಯೂಸಿಯಂ ಎಂದು ಕೇಳಿದರೆ ಒಬ್ಬ ಬಸ್‌ಸ್ಟಾಪ್ ತೋರಿಸಿದ, ಇನ್ನೊಬ್ಬಳು ಕೈ ಹಿಡಿದು ಮೂಲೆಯವರೆಗೆ ಬಂದು ಬಿಟ್ಟು ಹೋದಳು. ನಿಜ ಹೇಳಬೇಕೆಂದರೆ ದಾರಿ ಸಿಗದಿದ್ದರೆ ಒಳ್ಳೆಯದು ಎಂದು ಒಳಗೊಳಗೆ ಅಂದುಕೊಳ್ಳುತ್ತಿದ್ದೆ. ಮೋಡ ಕವಿದಿತ್ತು, ಬೆಳಕಿರಲಿಲ್ಲ ಎಂದು ನೆಪವನ್ನೂ ಕಟ್ಟಿಕೊಂಡಿದ್ದೆ.

ಆದರೆ ಬಣ್ಣ ನೋಡುವವನಿಗೆ ತೆಳು ಮೋಡದ ಬೆಳಕಿಗಿಂತ ಒಳ್ಳೆಯ ಬೆಳಕಿಲ್ಲ. ಗಾಜಿನ ಚಾವಣಿಯಿಂದ ಅದು ಸಮನಾಗಿ, ಒಂದಿಷ್ಟೂ ಹಳದಿ ಇಲ್ಲದೆ ಇಳಿಯುತ್ತಿತ್ತು. ಕೋಣೆಯಲ್ಲಿ ನಾನು ಮತ್ತು ಕಾವಲುಗಾರ್ತಿ ಇಬ್ಬರೇ. ಗೆರೆಯ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಗುಚ್ಛವನ್ನು ಆ ಬೆನ್ನಿನ ನೇರಕ್ಕೆ ಹಿಡಿದೆ.

ದಾರ ಕಾಣಲಿಲ್ಲ.

ಕೈ ಇಳಿಸಿ ಮತ್ತೆ ಎತ್ತಿದೆ. ಗುಚ್ಛ ತಿರುಗಿಸಿ ಹಿಡಿದೆ. ಇನ್ನೊಂದು ಕಣ್ಣಿನಿಂದ ನೋಡಿದೆ. ನೋಡಿದಷ್ಟು ಸಲವೂ ದಾರ ಮಗುವಿನ ಬೆನ್ನಿನಲ್ಲಿ ಮುಳುಗಿಹೋಗುತ್ತಿತ್ತು. ಮೂವತ್ತೆಂಟು ವರ್ಷದಲ್ಲಿ ಅಷ್ಟು ಚೊಕ್ಕಟವಾಗಿ ಕೂತ ಶೇಡನ್ನು ನಾನು ಕೈಬೆರಳೆಣಿಕೆಯಷ್ಟು ಸಲ ನೋಡಿದ್ದೇನೆ. ಅದನ್ನು ಕಲಸಿದವನು ಈ ಚಿತ್ರವನ್ನು ನೋಡಿದವನಲ್ಲ. ಕೆಸರಾದ ಒಂದು ಅಚ್ಚು ಮತ್ತು ತಾನು ಚಿಕ್ಕಂದಿನಲ್ಲಿ ಮಿಂದ ಹಳ್ಳ, ಅವನ ಬಳಿ ಇದ್ದದ್ದು ಅಷ್ಟೇ. ಕಾವಲುಗಾರ್ತಿ ಬಂದು ನನ್ನ ಹೆಗಲ ಹತ್ತಿರ ನಿಂತು, ನನ್ನ ಹಾಗೆಯೇ ಒಂದು ಕಣ್ಣು ಮುಚ್ಚಿ ನೋಡಿದಳು. "ಸೀ" ಎಂದಳು. ಹೌದು ಎಂದು ಅರ್ಥ. ಅಷ್ಟರಲ್ಲಿ ಯಾರೋ ದೀಪ ಹಾಕಿದರು, ಬೆನ್ನು ಕಂದಾಯಿತು.

ಸಮುದ್ರ

ಕೊನೆಯ ದಿನ ಹರ್ಷ ನನ್ನನ್ನು ಸಮುದ್ರಕ್ಕೆ ಕರೆದೊಯ್ದ. ಭೇಟಿ ತಪ್ಪಿಸಿದ್ದಕ್ಕೆ ಅವನಿಗೆ ಇನ್ನೂ ಸಿಟ್ಟಿತ್ತು, ಆದರೂ ಕಾಕಾ ಸಮುದ್ರ ನೋಡದೆ ಹೋಗಬಾರದು ಎಂದ. ಮರಳು ಖಾಲಿ, ನೀರು ಸೀಸದ ಬಣ್ಣ. ಕುರ್ಚಿಗಳನ್ನು ಒಂದರ ಮೇಲೊಂದು ಒಟ್ಟಿ ಸರಪಳಿ ಬಿಗಿದಿದ್ದರು. ಮೀಯುವವರು ಒಬ್ಬರೂ ಇರಲಿಲ್ಲ. ಮಿಲಿಂದನ ವಿಷಯ ಅವನಿಗೆ ಅಲ್ಲಿ ಹೇಳಿದೆ.

"ಅಜ್ಜಾ ಇದ್ದಾಗಿನ ಮಾತು ಕಾಕಾ. ಈಗ ಯಾರಿಗಿ ಬೇಕ್ರಿ?" ಎಂದ. ಬೂಟಿನ ಮರಳು ಕೊಡವುತ್ತ, "ಫೋನ್ ಮಾಡಿ ಹೇಳಿಬಿಡ್ರಿ" ಎಂದ.

ಫೋನಿನಲ್ಲಿ ಹೇಳುವ ಮಾತು ಅದಲ್ಲ. ಮಿಲಿಂದನ ನಂಬರೂ ನನ್ನಲ್ಲಿರಲಿಲ್ಲ. ಮನೆಗೆ ಏನು ಒಯ್ಯಲಿ ಎಂದು ಕೇಳಿದರೆ ಎಲ್ಲರೂ ಕಿತ್ತಳೆ ತೋರಿಸುವ ಆ ಊರಿನಿಂದ ನಾನು ಏನನ್ನೂ ಕೊಳ್ಳಲಿಲ್ಲ.

ಕರಜಗಿ

ವಾಪಸು ಬಂದ ಮೂರನೆಯ ದಿನ ಅಕ್ಕಲಕೋಟ ಸ್ಟ್ಯಾಂಡಿನಲ್ಲಿ ಕರಜಗಿಯ ಎಸ್‌ಟಿ ಬಸ್ಸಿಗೆ ಕಾದೆ. ಊರಲ್ಲಿ ಕೇಳಿದಾಗ, ನೀರು ಬಿಡುವ ಮಿಲಿಂದನೇ ಎಂದು ಮನೆ ತೋರಿಸಿದರು. ಪಂಚಾಯತಿಯ ಟಾಕಿಯ ವಾಲ್ವ್ ತಿರುಗಿಸಿ ಓಣಿ ಓಣಿಗೆ ನೀರು ಬಿಡುವುದು ಈಗ ಅವನ ಕೆಲಸ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿದ, ಮುಖದಲ್ಲಿ ಏನೂ ಬದಲಾಗಲಿಲ್ಲ.

"ಬರ್ರಿ ಮಾಸ್ತರ್ರ. ಕುಂದರ್ರಿ."

ಕಟ್ಟೆಯ ಮೇಲೆ ಕೂತು ಗುಚ್ಛ ತೆಗೆದುಕೊಟ್ಟೆ. ನಡೆದದ್ದೆಲ್ಲ ಹೇಳಿದೆ. ಚಿತ್ರ, ದೀಪ, ಗಾಜಿನ ಚಾವಣಿ, ದಾರ ಮುಳುಗಿದ್ದು. ಅವನು ಗುಚ್ಛವನ್ನು ಬಿಸಿಲಿಗೆ ಹಿಡಿದು, ನೆರಳಿಗೆ ಹಿಡಿದು, ನನ್ನ ಕೈಗೇ ವಾಪಸು ಇಟ್ಟ.

"ನನಗ ಅವತ್ತ ಗೊತ್ತಿತ್ರಿ" ಎಂದ.

"ತಪ್ಪ ನಂದಿತ್ತು ಮಿಲಿಂದಾ."

"ನನಗ ಹೇಳಿ ಏನ್ ಮಾಡ್ತೀರಿ? ಒಳಗ ಆಕಿ ಇದ್ದಾಳ, ಆಕಿಗಿ ಹೇಳ್ರಿ. ಇಪ್ಪತ್ತೆರಡ ವರ್ಷ ಆತು, ಮಾಸ್ತರನ ಮಾತ ಕೇಳಿದ್ದರ ನನ್ನ ಮಕ್ಕಳು ಸೊಲ್ಲಾಪುರದಾಗ ಸಾಲಿ ಕಲೀತಿದ್ರು ಅಂತಾಳ. ಬಣ್ಣ ಸರಿ ಇತ್ತಂತ ನಾ ಎಷ್ಟ ಹೇಳಿದ್ರೂ ನಂಬಂಗಿಲ್ಲ. ನೀವು ಸಹಿ ಮಾಡಿದ ಕಾಗದ ಆಕಿ ನೋಡ್ಯಾಳ."

ಅವನ ಹೆಂಡತಿ ಶೋಭಾ ಒಳಗೆ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು, ಮೊರ ಕೆಳಗಿಡಲಿಲ್ಲ. ನಿಂತೇ ಹೇಳಿದೆ. ನಿಮ್ಮ ಗಂಡ ಕಲಸಿದ ಬಣ್ಣವೇ ಸರಿ ಇತ್ತು, ನಾನು ಬರೆದ ಕಾಗದ ಸುಳ್ಳು ಎಂದೆ. ಮಿಲಿಂದ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಆಕೆ ಜೋಳದಿಂದ ಒಂದು ಹರಳು ಹೆಕ್ಕಿ ಹೊರಗೆಸೆದಳು.

"ಮುಂಜಾನಿ ಬೆಳಕಿನ್ಯಾಗ ನೋಡ್ರಿ ಅಂತ ಇವರು ಬೇಡಿಕೊಂಡಿದ್ರಂತಲ್ರಿ. ಅದಾದ್ರೂ ಖರೆ ಐತೇನು?"

"ಖರೆ ಐತಿ."

"ಒಂದ ರಾತ್ರಿ ಯಾಕ ಕಾಯಲಿಲ್ರಿ ಮತ್ತ?"

ಸಮಯ ಇರಲಿಲ್ಲ, ಆರ್ಡರು ತುರ್ತಿತ್ತು, ಮಾಲೀಕರ ಒತ್ತಡ ಇತ್ತು. ಇವೆಲ್ಲ ನಾಲಿಗೆಯ ತುದಿಯವರೆಗೆ ಬಂದವು. ನನಗೇ ನಾನು ಇಪ್ಪತ್ತೆರಡು ವರ್ಷ ಹೇಳಿಕೊಂಡ ಮಾತುಗಳು.

"ಮುಂಜಾನಿ ಚಲೋ ಕಂಡಿದ್ರ ಏನ್ ಮಾಡೂದು ಅಂತ ಅಂಜಿದ್ನಿ" ಎಂದೆ.

ಆಕೆ ತಲೆ ಎತ್ತಿ ಗಂಡನ ಕಡೆ ನೋಡಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟಾಗಲೂ ಅವರಿಬ್ಬರೂ ಹಾಗೆಯೇ ಒಬ್ಬರನ್ನೊಬ್ಬರು ನೋಡುತ್ತಿದ್ದರು, ಮತ್ತೆ ಕುಂದರ್ರಿ ಎಂದು ಯಾರೂ ನನಗೆ ಅನ್ನಲಿಲ್ಲ.